ದೇವರ ಗೂಡಿನಲ್ಲಿದ್ದ ಬಿಡಿಭಾಗಗಳು

ಸಿಕ್ಕಿಬಿಟ್ಟರೆ? ಸಿಗದಿದ್ದರೆ ಕಾರು ಗುಜರಿಗೆ ಹೋಗುತ್ತದೆ, ಸರಿ. ಆದರೆ ಸಿಕ್ಕಿಬಿಟ್ಟರೆ? ಓಬಳರಾಜು ಆ ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿ ಸ್ಟೇರಿಂಗ್ ಮೇಲೆ ಹಣೆಯಿಟ್ಟ.

ಎರಡೇ ಸೀಟಿನ, ಚಾವಣಿಯಿಲ್ಲದ ಆ ಕೆಂಪು ಸ್ಪೋರ್ಟ್ಸ್ ಕಾರು ಅವನಿಗಿಂತ ಹಳೆಯದು. ಸಿರಾದ ಗುಜರಿಯಿಂದ ಲಾರಿ ಹತ್ತಿ ಮಧುಗಿರಿಗೆ ಬಂದಿತ್ತು. ಬಂದ ವರ್ಷವೇ ಅವನು ಆಯುಧಪೂಜೆಗೆಂದು ಅದರ ಡಿಸ್ಟ್ರಿಬ್ಯೂಟರ್ ಬಿಚ್ಚಿ ತೊಳೆದಿದ್ದ. ಪೂಜೆ ಮುಗಿದ ಮೇಲೆ ನೋಡಿದರೆ, ಇಂಜಿನ್ನಿನ ಕಿಡಿ ಸರಿಯಾದ ಗಳಿಗೆಗೆ ಹಾರುವಂತೆ ನೋಡಿಕೊಳ್ಳುವ ರೋಟರ್, ಎರಡು ಪುಟ್ಟ ತೂಕದ ಬಿಲ್ಲೆ, ಸ್ಪ್ರಿಂಗುಗಳು ಮಾಯ. ಅಂದಿನಿಂದ ಕಾರು ಶೆಡ್ಡಿನಲ್ಲೇ ನಿಂತಿತ್ತು. ಸಂಜೆ ಜೆರಾಕ್ಸ್ ಅಂಗಡಿ ಮುಚ್ಚಿ ಬಂದು ಒಬ್ಬನೇ ಅದರಲ್ಲಿ ಕೂರುವುದು ಓಬಳರಾಜುವಿನ ಸುಖ. ಅಲ್ಲಿ ಅವನನ್ನು ಯಾರೂ ಮಾತಾಡಿಸುತ್ತಿರಲಿಲ್ಲ.

ಹೆಂಡತಿ ಅನುಪಮಾ ದೊಡ್ಡೇರಿ ಶಾಲೆಯ ಟೀಚರ್. ಅವಳೂ ಸಹೋದ್ಯೋಗಿಗಳೂ ಒಂದೇ ಕಾರಿನಲ್ಲಿ, ಸರದಿಯಂತೆ ಓಡಿಸುತ್ತ ಹೋಗಿಬರುತ್ತಿದ್ದರು. ಭಾನುವಾರ ಬೆಳಿಗ್ಗೆಯೇ ಅವಳು ತೀರ್ಪು ಕೊಟ್ಟಿದ್ದಳು: “ಸಂಜೆಯೊಳಗೆ ಇದು ಸ್ಟಾರ್ಟ್ ಆಗ್ಬೇಕು. ಇಲ್ದಿದ್ರೆ ಗುಜರಿಯೋರು ಬಂದು ಎತ್ಕೊಂಡೋಗ್ತಾರೆ.”

ಎದುರುಮನೆಯ ನಿವೃತ್ತ ಲೈನ್‌ಮನ್ ಕದರಪ್ಪನಿಗೆ ಇದು ಕೇಳಿಸಿತು. ಕೂಡಲೇ ಬೀದಿಯ ವಾಟ್ಸಾಪ್ ಗುಂಪಿಗೂ ಕೇಳಿಸಿತು. ತಿಂಡಿ ಹೊತ್ತಿಗೆ ಶೆಡ್ಡು ಮದುವೆ ಮನೆಯ ಅಡುಗೆ ಕೋಣೆಯಂತಾಯಿತು. ಒಬ್ಬರು ಪಂಪ್‌ಸೆಟ್ಟಿನ ಸ್ಪ್ರಿಂಗ್ ತಂದರು. ಪಕ್ಕದ ಮನೆಯ ನಾಗರತ್ನಮ್ಮ ಕುಕ್ಕರಿನ ವಿಷಲ್ಲನ್ನೇ ಹಿಡಿದು ಬಂದರು.

“ತೂಕ ಬೇಕು ಅಂದ್ರಲ್ಲ, ಇದೂ ತೂಕಾನೇ. ಬೇಳೆ ಇಡೋ ಹೊತ್ಗೆ ವಾಪಸ್ ಕೊಟ್ಬುಡಪ್ಪ.”

ತೆಲುಗು ಗಡಿಯ ವಳ್ಳೂರಿನಿಂದ ಅನುಪಮಾಳ ಸೋದರಮಾವ ಜಯರಾಮಯ್ಯ ಫೋನು ಮಾಡಿದರು. “ಏಮಯ್ಯಾ ಅಳಿಯಾ, ಒಂದ್ ಕಿಡಿಗೆ ಇಷ್ಟು ಗಲಾಟೆನಾ? ನಮ್ಮೂರ ಸೋಲಾರ್ ಪಾರ್ಕ್ ತುಂಬಾ ಕರೆಂಟೈತೆ, ಒಂದು ಬಿಂದಿಗೆ ಕಳಿಸ್ಲಾ?”

ಕದರಪ್ಪ ಕೊರಟಗೆರೆಯಿಂದ ಮೆಕ್ಯಾನಿಕ್ ಯುವರಾಜ್‌ನನ್ನೂ ಕರೆಸಿಬಿಟ್ಟ. ಅವನು ಬಾನೆಟ್ಟಿನೊಳಗೆ ಬಗ್ಗಿ, ಎದ್ದು, ತಲೆಯಾಡಿಸಿದ. “ಈ ಸಾಮಾನು ಯಾವ ಅಂಗಡೀಲೂ ಸಿಗಲ್ಲ ಸಾರ್.”

“ಸಿಗಲ್ಲ ಅಲ್ವಾ?”

ಓಬಳರಾಜುವಿನ ದನಿಯಲ್ಲಿ ಏನು ಕೇಳಿಸಿತೋ, ಯುವರಾಜ್ ಅವನ ಬೆನ್ನು ತಟ್ಟಿದ. “ಅಳಬೇಡಿ ಸಾರ್. ಹಿಂಗಿರ್ತದೆ ಅಂತ ಬರೆದು ತೋರಿಸ್ತೀನಿ, ಎಲ್ಲರೂ ಹುಡುಕ್ಲಿ.” ಸೀಮೆಸುಣ್ಣದಿಂದ ನೆಲದ ಮೇಲೆ ಬಿಲ್ಲೆಗಳ ಚಿತ್ರ ಬಿಡಿಸಿದ.

ಕಾಫಿ ತಂದ ಓಬಳರಾಜುವಿನ ತಾಯಿ ಆಂಜಿನಮ್ಮ ಚಿತ್ರ ನೋಡಿದವಳೇ ಲೋಟಗಳನ್ನು ಕೆಳಗಿಟ್ಟು ಕೈಮುಗಿದಳು. “ಅಯ್ಯೋ, ನಮ್ಮ ಅವಳಿ ದೇವ್ರು!”

“ಏನವ್ವಾ ಅಂಗಂದ್ರೆ?”

“ಪೂಜೆ ತಟ್ಟೇಲಿ ನೀನೇ ಇಟ್ಟಿದ್ದಲ್ಲೋ. ಕುಂಕುಮ ಬಿದ್ದ ಮ್ಯಾಕೆ ಬಿಸಾಕಕ್ಕಾಯ್ತದಾ? ದೇವ್ರ ಗೂಡ್ನಾಗೆ ಮಡಗಿದೀನಿ. ದಿನಾ ಹೂ ಏರಿಸ್ತೀನಿ. ಬೋರ್‌ವೆಲ್ಲು ಇನ್ನೂ ಬತ್ತಿಲ್ಲ, ಯಾರ ದಯೆ ಅಂದ್ಕೊಂಡೆ?”

ಅರಿಶಿನ ಮೆತ್ತಿ ಹೋಳಿಗೆಯಂತಾಗಿದ್ದ ಬಿಲ್ಲೆಗಳು ರೋಟರ್, ಸ್ಪ್ರಿಂಗುಗಳ ಸಮೇತ ಮೆರವಣಿಗೆಯಲ್ಲಿ ಬಂದವು. ಯುವರಾಜ್ ಸೀಮೆಎಣ್ಣೆಯಲ್ಲಿ ತೊಳೆದು ಕೂಡಿಸಿದ. ಟೈಮಿಂಗ್ ಹೊಂದಿಸಿ ಕೀಲಿ ತಿರುಗಿಸಿದ. ಕಾರು ನೆಗಡಿಯಾದ ಕೋಣದಂತೆ ಸೀನಿತು, ಕೆಮ್ಮಿತು, ಆಮೇಲೆ ಗುಡುಗಿತು. ಬೀದಿಯೆಲ್ಲ ಚಪ್ಪಾಳೆ.

“ಹತ್ತಲೇ ಓಬಳ್ರಾಜ! ಕೋಟೆ ಹತ್ರ ಹೋಗಿ ಒಂದು ರೌಂಡ್ ಹೊಡ್ಕೊಂಡು ಬಾ!” ಕದರಪ್ಪ ಕೂಗಿದ.

ಓಬಳರಾಜು ಹತ್ತಿ ಕೂತ. ಮೂರು ಪೆಡಲುಗಳನ್ನೂ ಹಳೆಯ ಗೆಳೆಯರಂತೆ ಒಮ್ಮೆ ನೋಡಿದ. ಆಮೇಲೆ ಇಳಿದು, ಬಾಗಿಲು ಹಿಡಿದು ನಿಂತು ಹೆಂಡತಿಯನ್ನು ಕರೆದ.

“ಮೊದ್ಲು ನೀನೇ ಓಡಿಸು, ಅನು.”

ಅನುಪಮಾಳ ಕಣ್ಣು ತುಂಬಿತು. ನಾಗರತ್ನಮ್ಮ ಗಂಡನ ಕಡೆ ತಿರುಗಿದರು. “ನೋಡಿ, ಗಂಡ ಅಂದ್ರೆ ಇಂಗಿರ್ಬೇಕು! ನೀವು ಟೀವಿ ರಿಮೋಟೂ ಕೊಡಲ್ಲ!”

ಅನುಪಮಾ ಕೆಂಪು ಗಾಳಿಪಟದಂತೆ ಊರು ಸುತ್ತಿ ಬಂದಳು. “ಇದನ್ನ ಗುಜರಿಗೆ ಹಾಕೋದಾ? ನಾಳೆಯಿಂದ ಸ್ಕೂಲಿಗೆ ಇದ್ರಲ್ಲೇ!”

ಮರುದಿನದಿಂದ ಕಾರು ದೊಡ್ಡೇರಿಗೆ ಹೊರಟಿತು. ಎರಡನೆಯ ಸೀಟು ಅದೇ ಶಾಲೆಯ ಗಗನಾ ಟೀಚರಿನದಾಯಿತು. ಶಾಲೆ ಮುಗಿದ ಮೇಲೂ ಅವರಿಬ್ಬರೂ ಒಂದೊಂದು ಸಂಜೆ ಒಂದೊಂದು ಊರಿಗೆ ಹೋಗಿ ಕತ್ತಲಾದ ಮೇಲೆ ನಗುತ್ತ ಬರುತ್ತಿದ್ದರು. ಖಾಲಿ ಶೆಡ್ಡಿನಲ್ಲಿ ಓಬಳರಾಜು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರುತ್ತಿದ್ದ. ಪಕ್ಕದಲ್ಲಿ ಆಂಜಿನಮ್ಮ ಹೂ ಹಿಡಿದು ತನ್ನ ದೇವರಿಗಾಗಿ ಕಾಯುತ್ತಿದ್ದಳು.

ತನಗೆ ಕಾರು ಓಡಿಸಲು ಬರುವುದಿಲ್ಲವೆಂದು ಅವನು ಯಾರಿಗೂ ಹೇಳಲಿಲ್ಲ.