ಮೇಡಂ ಬರೆಯದ ಕಾಫಿ ಸಂಶೋಧನೆ

ಫಿಲ್ಟರ್ ಕಾಫಿಗೂ ಎದೆಯುರಿಗೂ ಇರುವ ಸಂಬಂಧದ ಬಗ್ಗೆ ಇಡೀ ಜಯನಗರದಲ್ಲಿ ನನ್ನಷ್ಟು ಅಧಿಕಾರದಿಂದ ಬರೆಯಬಲ್ಲವರಿಲ್ಲ ಎಂದು ನಾನು ನಂಬಿದ್ದೆ. ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುವವನು. ಮೇಲಾಗಿ, ಕಾಫಿ ಚಟ ಮತ್ತು ಎದೆಯುರಿ ಎರಡೂ ನನಗಿವೆ! ಆ ಬಗ್ಗೆ ನಾನು ಬರೆಯುತ್ತಿದ್ದ ಸಂಶೋಧನಾ ಲೇಖನ ಅಚ್ಚಾದರೆ ಬಡ್ತಿ. ಆಗದಿದ್ದರೆ ನನ್ನ ಶಿಷ್ಯನೇ ಬಡ್ತಿ ಪಡೆದು ನನ್ನ ರಜೆ ಅರ್ಜಿಗೆ ಸಹಿ ಹಾಕುತ್ತಾನೆ.

ರೋಗಿಗಳನ್ನು ವಿಚಾರಿಸಿ ಮಾಹಿತಿ ಕಲೆಹಾಕಿದ್ದು ನಾನೇ. ತೊಡಕಾದದ್ದು ಇಂಗ್ಲಿಷ್. ಚಾಟ್‌ಬಾಟ್‌ಗೆ ಕೊಟ್ಟೆ. ನನ್ನ ಕುಂಟು ವಾಕ್ಯಗಳು ಇಸ್ತ್ರಿ ಮಾಡಿದ ಪಂಚೆಯ ಹಾಗೆ ಹೊರಬಂದವು. ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನಮ್ಮ ವಿಭಾಗದಲ್ಲೊಂದು ಸಂಪ್ರದಾಯವಿದೆ. ಪೂಜೆಗೆ ಮೊದಲು ಗಣಪತಿ, ಲೇಖನಕ್ಕೆ ಮೊದಲು ವಿಭಾಗದ ಮುಖ್ಯಸ್ಥೆ. ಮೇಡಂ ಅವರ ಹಳೆಯ ಸಂಶೋಧನೆಯೊಂದನ್ನು ಉಲ್ಲೇಖಿಸದೆ ಬರೆದವರು ಉದ್ಧಾರವಾದದ್ದಿಲ್ಲ. ಅದನ್ನು ಹುಡುಕುವ ಕೆಲಸವನ್ನೂ ಚಾಟ್‌ಬಾಟ್‌ಗೇ ವಹಿಸಿದೆ. ಕೇಳಿದ ತಕ್ಷಣ ಕೊಟ್ಟಿತು, ಪುಟಸಂಖ್ಯೆ ಸಮೇತ.

ಹೆಂಡತಿ ಸುಮಾ ಎಚ್ಚರಿಸಿದಳು. "ರೀ, ಒಂದ್ಸಲ ತೆಗೆದು ನೋಡಿ. ಮೊನ್ನೆ ಯಡಿಯೂರು ಕೆರೆ ಹತ್ರ ಇಲ್ದೇ ಇರೋ ಡೆಂಟಿಸ್ಟ್‌ನ ಹುಡ್ಕೊಂಡು ಸುತ್ತಾಡಿಸ್ತಲ್ಲ ಇದು."

"ಸಂಶೋಧನೆ ವಿಷ್ಯ ನಿಂಗೆ ಗೊತ್ತಾಗಲ್ಲ ಕಣೇ," ಎಂದೆ ಗಂಭೀರವಾಗಿ.

ಪತ್ರಿಕೆಗೆ ಕಳಿಸುವ ಮುನ್ನ ಲೇಖನ ಮೇಡಂ ಮೇಜಿಗೆ ಹೋಗಬೇಕು. ಹೋಯಿತು. ಮಾರನೆಯ ದಿನ ಕರೆ ಬಂತು.

"ಕೂತ್ಕೊಳ್ಳಿ ಡಾಕ್ಟ್ರೇ. ದಿನಕ್ಕೆ ಮೂರು ಲೋಟ ಕಾಫಿ ಹೊಟ್ಟೆಗೆ ಒಳ್ಳೇದು ಅಂತ ನಾನು ಯಾವಾಗ ಬರೆದೆ?"

ವಿಭಾಗದ ಕಾಫಿ ಯಂತ್ರವನ್ನು ಎತ್ತಿ ಹೊರಗೆ ಹಾಕಿಸಿದ ಮಹಾತಾಯಿ ಇವರೇ! ಉಲ್ಲೇಖದ ಮೇಲೆ ಕಣ್ಣನ್ನಾದರೂ ಆಡಿಸಿದ್ದರೆ ನನಗೆ ಹೊಳೆಯಬೇಕಿತ್ತು. ಆಗಲಾದರೂ ತಪ್ಪೊಪ್ಪಿಕೊಳ್ಳಬಹುದಿತ್ತು. "ಮೇಡಂ, ಬಹುಶಃ ತಮ್ಮ ಆರಂಭದ ದಿನಗಳ ಕೆಲಸ ಇರ್ಬೇಕು," ಎಂದೆ.

"ಆರಂಭದ ದಿನಗಳಲ್ಲೂ ನಾನೇ ಇದ್ದೆ."

ಮೇಡಂ ದನಿ ಏರಿಸಲಿಲ್ಲ. "ಇದು ಅಚ್ಚಾಗಿ, ಅಲ್ಸರ್ ಇರೋರು ಯಾರಾದ್ರೂ ನನ್ನ ಹೆಸರು ನಂಬಿ ಕುಡಿದಿದ್ರೆ?"

ನಿಜಕ್ಕೂ ನಾಚಿಕೆಯಾಯಿತು. ಚಾಟ್‌ಬಾಟ್ ಕೊಟ್ಟದ್ದನ್ನು ಹಾಗೇ ಹಾಕಿದೆ ಎಂದು ಒಪ್ಪಿಕೊಂಡೆ.

"ಪೇಷಂಟ್‌ಗಳ ಮಾಹಿತಿ ಚೆನ್ನಾಗಿದೆ, ಬಿಡಬೇಡಿ. ಪ್ರತಿ ಉಲ್ಲೇಖನೂ ಓದಿ ಮತ್ತೆ ಬರೀರಿ. ಬಡ್ತಿ ಮುಂದಿನ ವರ್ಷ ನೋಡೋಣ. ಇಂಗ್ಲಿಷ್ ಸೊಗಸಾಗಿದೆ," ಎಂದವರು ಕನ್ನಡಕ ಸರಿಮಾಡಿಕೊಂಡರು. "ಅಲ್ಲೇ ಅನುಮಾನ ಬಂದಿದ್ದು."

ಮನೆಗೆ ಬಂದು ಚಾಟ್‌ಬಾಟ್‌ಗೆ ಚೆನ್ನಾಗಿ ಬೈದೆ. ಅದು ಅತ್ಯಂತ ವಿನಯದಿಂದ ಕ್ಷಮೆ ಕೋರಿ, ಪರಿಹಾರವಾಗಿ ಇನ್ನೊಂದು ಕಾಫಿ ಸಂಶೋಧನೆ ಕೊಟ್ಟಿತು. ಲೇಖಕನ ಹೆಸರು ನನ್ನದು!

ಸುಮಾ ಇಣುಕಿ ನೋಡಿದಳು. "ಅಂತೂ ನಿಮ್ದೂ ಒಂದು ಪ್ರಕಟ ಆಯ್ತಲ್ಲ ರೀ."

ಅವಳು ಅತ್ತ ಹೋದ ಮೇಲೆ, ಒಂದು ವೇಳೆ ಇದ್ದರೂ ಇರಬಹುದೆಂದು, ಅದು ಹೇಳಿದ ಪತ್ರಿಕೆಯ ಪುಟಗಳಲ್ಲಿ ನನ್ನ ಹೆಸರನ್ನು ಹುಡುಕಿದೆ. ನಾನು ತೆಗೆದು ನೋಡಿದ ಮೊದಲ ಉಲ್ಲೇಖ ಅದೇ.