ಹುಳ ಬಿದ್ದ ಮರಗಳೂ ನನ್ನ ಜಾಣತನವೂ

ಹುಳ ಬಿದ್ದು ಒಣಗುತ್ತಿರುವ ಮರಗಳನ್ನು ಕೊಂಡು, ಕಡಿಸಿ, ಕೆಟ್ಟ ಭಾಗ ತೆಗೆಸಿ, ಉಳಿದದ್ದನ್ನು ತೊಲೆ, ಹಲಗೆ ಮಾಡಿ ಮಾರುವುದು ಕಡೂರಿನಲ್ಲಿ ನನ್ನ ಕಸುಬು. ಮರ ನೋಡಿದರೆ ಸಾಕು, ಹುಳ ಎಲ್ಲಿದೆ ಹೇಳಿಬಿಡುತ್ತೇನೆ ಎಂಬ ಜಂಬ ಬೇರೆ. ಈ ಜಂಬಕ್ಕೆ ವರ್ಷಕ್ಕೆರಡು ಸಲವಾದರೂ ಮಂಗಳಾರತಿ ಆಗದೆ ಇರುವುದಿಲ್ಲ.

ಕಿವಿಯಿಟ್ಟು ಕೇಳಿದ್ದು

ಸಿಂಗಟಗೆರೆ ಹತ್ತಿರ ಒಬ್ಬ ಅಜ್ಜಿಯ ತೆಂಗಿನ ತೋಟಕ್ಕೆ ಕೆಂಪು ಮೂತಿ ಹುಳ ಬಿದ್ದಿತ್ತು. ಇದರ ಮರಿಗಳು ಕಾಂಡದೊಳಗೆ ಮೇಯುವ ಸದ್ದು ಮರಕ್ಕೆ ಕಿವಿಯಿಟ್ಟರೆ ಕೇಳುತ್ತದೆ. ನಾನು ಡಾಕ್ಟರ ಗತ್ತಿನಲ್ಲಿ ಒಂದೊಂದು ಮರಕ್ಕೂ ಕಿವಿಯಿಡುತ್ತ ಹೋದೆ. ನೋಡಲು ಹಸಿರಾಗಿಯೇ ಇದ್ದ ಒಂದು ಮರದಲ್ಲಿ ಕಟರ್ ಕಟರ್ ಅಂತ ಜೋರು ಸದ್ದು.

“ಅಜ್ಜೀ, ಇದು ಪೂರ್ತಿ ಹೋಗಿದೆ. ಒಳಗೆ ನೂರಾರು ಹುಳ ಮೇಯ್ತಾ ಇವೆ,” ಎಂದೆ.

ಮರದ ಆಚೆ ಬದಿಯಿಂದ ಅಜ್ಜಿ ಇಣುಕಿದರು. “ನೂರಾರಿಲ್ಲ ಕಣಪ್ಪಾ, ನಾನೊಬ್ಳೇ. ಚಕ್ಕುಲಿ ತಿಂತಿದೀನಿ. ನಿಂಗೂ ಒಂದು ಕೊಡ್ಲಾ?”

ಕೈಮುಗಿದ ಫಲ

ನಮ್ಮಲ್ಲಿ ದೊಡ್ಡ ಮರ ಕಡಿಯುವ ಮುಂಚೆ ಊದಿನಕಡ್ಡಿ ಹಚ್ಚಿ, ಕಾಯಿ ಒಡೆದು, “ಇದರಲ್ಲಿರೋ ಜೀವಗಳೆಲ್ಲ ಬೇರೆ ಕಡೆ ಹೋಗ್ರಪ್ಪಾ” ಎಂದು ಕೈಮುಗಿಯುವ ಪದ್ಧತಿ. ಅಜ್ಜಂಪುರದ ಹತ್ತಿರ ಕಾಂಡಕೊರಕ ಹೊಡೆದಿದ್ದ ಹಳೇ ಮಾವಿನ ಮರಕ್ಕೂ ಹಾಗೇ ಭಕ್ತಿಯಿಂದ ಕೈಮುಗಿದೆ. ದಿಮ್ಮಿ ಮಿಲ್ಲಿಗೆ ಹೋಯಿತು. ಕೊಂಬೆಗಳನ್ನು ಯಾಕೆ ಬಿಡಬೇಕು ಅಂತ ಸೌದೆಗೆಂದು ಮನೆಗೆ ತಂದು ಪಡಸಾಲೆಯಲ್ಲಿ ಒಟ್ಟಿದೆ.

ಕೆಲವೇ ತಿಂಗಳಲ್ಲಿ ನಮ್ಮ ಮಂಚದ ಕಾಲು ಹಿಟ್ಟು ಉದುರಿಸತೊಡಗಿತು. ಹೆಂಡತಿ ಅದನ್ನು ಗುಡಿಸುತ್ತ ಕೇಳಿದಳು: “ಬೇರೆ ಕಡೆ ಹೋಗಿ ಅಂತ ಬೇಡ್ಕೊಂಡ್ರಂತಲ್ಲ, ನಮ್ಮನೆ ವಿಳಾಸಾನೂ ನೀವೇ ಕೊಟ್ರಾ?”

ಬೀಗರ ಮನೆ ಬಾಗಿಲು

ಮಗಳನ್ನು ತರೀಕೆರೆಗೆ ಕೊಟ್ಟಿದ್ದೇವೆ. ಬೀಗರು ಹೊಸ ಮನೆ ಕಟ್ಟಿಸುವಾಗ, ತಲೆಬಾಗಿಲಿನ ಚೌಕಟ್ಟು ನನ್ನದೇ ಎಂದು ಮೀಸೆ ತಿರುವಿದೆ. ಲಕ್ಕವಳ್ಳಿ ಕಡೆಯ ಒಂದು ಹಲಸಿನ ಮರಕ್ಕೆ ಹುಳ ಬಿದ್ದಿತ್ತು. ಹುಳ ಹೊರಗಿನ ಬಿಳಿ ಭಾಗದಲ್ಲಷ್ಟೇ ಇದೆ, ಒಳಗೆ ಚಿನ್ನ ಎಂದು ನಾನೇ ತೀರ್ಪು ಕೊಟ್ಟು ಚೌಕಟ್ಟು ಮಾಡಿಸಿದೆ. ಗೃಹಪ್ರವೇಶ ಜೋರಾಗಿಯೇ ಆಯಿತು.

ತಿಂಗಳೆರಡು ಕಳೆದ ಮೇಲೆ ನಾನು ಅಲ್ಲಿಗೆ ಹೋದಾಗ, ಬೀಗಿತ್ತಿ ಹೊಸ್ತಿಲ ಮೇಲಿದ್ದ ಹಳದಿ ಪುಡಿಯನ್ನು ಚಿಟಿಕೆಯಲ್ಲಿ ತೆಗೆದು, “ದಿನಾ ಬೆಳಿಗ್ಗೆ ತಾನಾಗೇ ಅರಿಶಿನ ಉದುರುತ್ತೆ ಬೀಗ್ರೇ. ಅಮ್ಮನ ಕೃಪೆ,” ಎಂದು ನನ್ನ ಹಣೆಗೆ ಹಚ್ಚಿದರು.

ಅದು ಹುಳ ಕೊರೆದ ಹಿಟ್ಟು ಅಂತ ನನಗೆ ನೋಡಿದೊಡನೆ ಗೊತ್ತಾಯಿತು. ಆದರೆ ಮಗಳು ಬಾಳುವ ಮನೆಗೆ ಹುಳದ ಮರ ಕೊಟ್ಟವನು ಎನ್ನಿಸಿಕೊಳ್ಳುವುದು ಹೇಗೆ? ನಾಳೆ ಅವಳಿಗೆ ಯಾರಾದರೂ ಒಂದು ಮಾತು ಆಡಿದರೆ? ಹೆದರಿಕೆಯಾಯಿತು. ಕಣ್ಣು ಮುಚ್ಚಿ ಹಚ್ಚಿಸಿಕೊಂಡೆ. ಎರಡನೇ ಸಲ ಹೋದಾಗಲೂ ಹಚ್ಚಿಸಿಕೊಂಡೆ. ಮೂರನೇ ಸಲ ಮನೆಗೂ ಇರಲಿ ಅಂತ ಪೊಟ್ಟಣ ಕಟ್ಟಿಕೊಟ್ಟರು. ಅದನ್ನೂ ಕಣ್ಣಿಗೊತ್ತಿಕೊಂಡು ತಂದೆ.

ನಾಲ್ಕನೇ ಸಲ ಆಕೆ ಲೋಟದ ನೀರಿಗೆ ಒಂದು ಚಿಟಿಕೆ ಬೆರೆಸಿ ತಂದರು. “ತೀರ್ಥ ತಗೊಳ್ಳಿ ಬೀಗ್ರೇ.”

ಲೋಟ ತುಟಿಯವರೆಗೆ ಹೋಯಿತು. ಆಮೇಲೆ ಆಗಲಿಲ್ಲ. “ತಪ್ಪಾಯ್ತು ಅಮ್ಮಾ. ಅದು ಅರಿಶಿನ ಅಲ್ಲ, ಹುಳದ ಹಿಟ್ಟು. ಬಾಗಿಲು ಬದಲಾಯಿಸಿಕೊಡ್ತೀನಿ. ಮಗಳಿಗೆ ಮಾತ್ರ ಏನೂ ಅನ್ಬೇಡಿ,” ಎಂದೆ.

ಆಕೆ ಶಾಂತವಾಗಿ ಲೋಟ ವಾಪಸ್ ತೆಗೆದುಕೊಂಡರು.

“ಅವಳನ್ನ ಯಾಕೆ ಅನ್ಲಿ? ಮೊದಲ ದಿನಾನೇ ಗುರುತು ಹಿಡಿದು ನಂಗೆ ಹೇಳಿದ್ದೇ ಅವಳು. ‘ನಮ್ಮಪ್ಪ ಹಂಗೆಲ್ಲ ಒಪ್ಕೊಳ್ಳಲ್ಲ ಅತ್ತೆ, ಕುಡಿಸೋ ತನಕ ಹೋಗ್ಬೇಕಾಗುತ್ತೆ’ ಅಂದಿದ್ಲು.”