ನಲವತ್ತನೆಯ ಪುಟ ದಾಟದವಳು

ದಪ್ಪ ಪುಸ್ತಕಗಳ ಬಗ್ಗೆ ಸುಳ್ಳು ಹೇಳದ ಓದುಗರು ಕಡಿಮೆ. ನಾನಂತೂ ಹದಿನೈದು ವರ್ಷ ಹೇಳಿದ್ದೇನೆ. ಶಿರಸಿಯ ಕಾಲೇಜೊಂದರಲ್ಲಿ ಗುಮಾಸ್ತೆಯಾದ ನಾನು ಸಿದ್ದಾಪುರದಿಂದ ದಿನಾ ಬಸ್ಸಿನಲ್ಲಿ ಹೋಗಿಬರುವವಳು. ಮಹಾಕೃತಿ ಎನಿಸಿಕೊಂಡ ವಿದೇಶಿ ಕಾದಂಬರಿಯೊಂದರ ಅನುವಾದವನ್ನು ಆ ಬಸ್ಸಿನಲ್ಲೇ ಮೂರು ಸಲ ಹಿಡಿದೆ. ಅದರಲ್ಲಿ ಒಬ್ಬೊಬ್ಬನಿಗೂ ನಾಲ್ಕು ನಾಲ್ಕು ಹೆಸರು. ನಲವತ್ತನೆಯ ಪುಟಕ್ಕೆ ಬರುವಷ್ಟರಲ್ಲಿ ಸತ್ತವನು ಯಾರು, ಅತ್ತವನು ಯಾರು ಎಂಬುದೇ ತಿಳಿಯದೆ ಮತ್ತೆ ಮೊದಲಿನಿಂದ ಶುರು. ಹಳಗನ್ನಡ ಕಾವ್ಯವೊಂದರ ಗತಿಯೂ ಅಷ್ಟೇ: ಪದ್ಯಕ್ಕಿಂತ ಅಡಿಟಿಪ್ಪಣಿ ಉದ್ದ, ಅಡಿಟಿಪ್ಪಣಿಗಿಂತ ನನ್ನ ಆಕಳಿಕೆ ಉದ್ದ. ಆದರೂ ತಿಂಗಳಿಗೊಮ್ಮೆ ಶಿರಸಿಯಲ್ಲಿ ಸೇರುವ ಓದುಗರ ಕೂಟದಲ್ಲಿ ಅವುಗಳ ಮಾತು ಬಂದರೆ, ಕಣ್ಣು ಅರೆಮುಚ್ಚಿ, ಅದರ ಆಳವೇ ಬೇರೆ ಎಂದುಬಿಡುತ್ತಿದ್ದೆ. ಆಳ ಎಂದಮೇಲೆ ಯಾರೂ ಇಳಿದು ಅಳೆಯುವುದಿಲ್ಲ.

ಇಂಥವಳಿಗೆ ಬಸ್ಸಿನ ಗೆಳತಿ, ನರ್ಸು ಫಿಲೋಮಿನಾ ಬಾಯಿ ತಾವು ಓದಿದ್ದ ಸಣ್ಣ ಪುಸ್ತಕವೊಂದರ ಹೊಸ ಪ್ರತಿ ಕೊಟ್ಟರು. ಕಾನ್ವೆಂಟಿನಲ್ಲಿ ಬಟ್ಟೆ ಒಗೆಯುವ ಕೆಲಸಕ್ಕಿದ್ದ ಸನ್ಯಾಸಿನಿಯೊಬ್ಬಳು ತಂಗಿಗೆ ಬರೆದ ಪತ್ರಗಳು. ಕ್ರೈಸ್ತ ಪುಸ್ತಕವೆಂದರೆ ಪಾಪ, ನರಕ, ಪುಟಕ್ಕೊಂದು 'ಓ ಮನುಜನೇ' ಇರುತ್ತದೆಂದು ಹೆದರಿಯೇ ತೆರೆದೆ. ಈಕೆಯೋ, ಬಟ್ಟೆ ಹರವಿದ ದಿನವೇ ಮಳೆ ಕಳಿಸುವ ದೇವರೊಡನೆ ಜಗಳಕ್ಕೆ ನಿಂತಿದ್ದಳು. ಅರ್ಧ ದಾರಿಯ ಕಾನಸೂರು ಬರುವುದರೊಳಗೆ ನಾನು ನಲವತ್ತನೆಯ ಪುಟ ದಾಟಿದ್ದೆ.

ಮನೆಯಲ್ಲಿ ಅತ್ತೆ ಮುಖಪುಟದ ಶಿಲುಬೆ ನೋಡಿ, "ನೋಡ್ದವ್ವು ಎಂತ ಹೇಳ್ಗು ತಂಗಿ" ಎಂದರು. ನೋಡಿದವರು ಏನಾದರೂ ಹೇಳಲಿ, ಅವರಿಗೂ ಓದಲು ಕೊಡುತ್ತೇನೆ ಎಂದೆ. ಆಮೇಲೆ ಮಳೆಯ ಜಗಳವನ್ನು ಓದಿ ಹೇಳಿದಾಗ ಅತ್ತೆ, "ಪಾಪ, ಅದ್ಕೂ ಮಳೆ ಕಾಟ ತಪ್ಪಿದ್ದಿಲ್ಲೆ" ಎಂದರು.

ಮುಂದಿನ ಕೂಟದಲ್ಲಿ ಅದೇ ವಿದೇಶಿ ಕಾದಂಬರಿಯ ಮೇಲೆ ಮಾತಾಡುವ ಸರದಿ ನನ್ನದು. ಹಿಂಬದಿಯ ರಕ್ಷಾಪುಟ ಬಾಯಿಪಾಠ ಮಾಡಿಕೊಂಡೇ ಹೋಗಿದ್ದೆ. ಅಧ್ಯಕ್ಷರು ಯಲ್ಲಾಪುರದ ನಿವೃತ್ತ ಪ್ರಾಧ್ಯಾಪಕರು. ನಮ್ಮಲ್ಲಿ ಗಂಭೀರ ಓದುಗರು ಇವರೊಬ್ಬರೇ ಎಂದು ನನ್ನನ್ನು ಪರಿಚಯಿಸಿದರು. ಆ 'ಗಂಭೀರ' ಎಂಬ ಮಾತೇ ನನ್ನನ್ನು ಕೆಡಿಸಿತು. ಎದ್ದು ನಿಂತವಳು, "ಸರ್, ನಾನು ಇದನ್ನು ಓದಿಲ್ಲ. ಮೂರು ಸಲ ಸೋತಿದ್ದೇನೆ. ನಾಲ್ಕನೇ ಸಲ ಸೋಲುವುದಿಲ್ಲ, ಯಾಕೆಂದರೆ ಇನ್ನು ಅದನ್ನು ಮುಟ್ಟುವುದೇ ಇಲ್ಲ" ಎಂದೆ. ಅಷ್ಟಕ್ಕೇ ಬಾಯಿ ನಿಲ್ಲಲಿಲ್ಲ. ಇಪ್ಪತ್ತು ನಿಮಿಷ ಆ ಒಗೆಯುವ ಸನ್ಯಾಸಿನಿಯ ಕಥೆ ಹೇಳಿದೆ. ಒಬ್ಬರು ಇದು ಮತಪ್ರಚಾರವಲ್ಲವೇ ಎಂದು ಕೇಳಿದರು. ಅಧ್ಯಕ್ಷರು ಕನ್ನಡಕ ತೆಗೆದು, ಇದೆಲ್ಲ ಸಾಹಿತ್ಯ ಆಗುತ್ತದೆಯೇ ಎಂದರು.

"ಓದಿ ನಕ್ಕಿದ್ದೇನೆ, ಅತ್ತಿದ್ದೇನೆ, ಕೊನೆಯ ಪುಟ ಮುಗಿದದ್ದಕ್ಕೆ ಬೇಜಾರು ಮಾಡಿಕೊಂಡಿದ್ದೇನೆ. ಇನ್ನೇನಾಗಬೇಕು ಸರ್?"

ಅವರು ಗಡಿಯಾರ ನೋಡಿ, ಚಹಾ ಆಗಲಿ ಎಂದರು. ನನ್ನ ಹಾಗೆ ಯಾರಾದರೂ ಒಪ್ಪಿಕೊಂಡಾರೆಂದು ಕಾದೆ. ಎಲ್ಲರೂ ಚಹಾದ ಮೇಜಿನತ್ತ ನಡೆದರು. ಚಹಾದ ಲೋಟ ಹಿಡಿದು ಕಿಟಕಿಯ ಹತ್ತಿರ ನಾನೊಬ್ಬಳೇ ನಿಂತಿದ್ದೆ. ಮುಂದಿನ ಭಾಷಣಕಾರರ ಪಟ್ಟಿಯಲ್ಲಿ ನನ್ನ ಹೆಸರೂ ಇರಲಿಲ್ಲ. ಆದರೆ ಹದಿನೈದು ವರ್ಷಗಳಲ್ಲಿ ಮೊದಲ ಸಲ, ಯಾರಾದರೂ ಏನಾದರೂ ಕೇಳಿಯಾರೆಂಬ ಹೆದರಿಕೆಯಿಲ್ಲದೆ ಚಹಾ ಕುಡಿದೆ.

ಸೋಮವಾರ ಬಸ್ಸಿನಲ್ಲಿ ಈ ಪರಾಕ್ರಮವನ್ನೆಲ್ಲ ಫಿಲೋಮಿನಾ ಬಾಯಿಗೆ ವರ್ಣಿಸಿ ಪುಸ್ತಕ ಹಿಂದಿರುಗಿಸಿದೆ. ಅವರು ಪುಟ ತಿರುವುತ್ತ ಒಂದು ಕಡೆ ನಿಂತರು. ಅಲ್ಲಿ ನಾಲ್ಕು ಹಾಳೆ ಒಂದಕ್ಕೊಂದು ಅಂಟಿಕೊಂಡೇ ಇದ್ದವು. "ಇದೊಂದು ಪತ್ರ ಓದ್ಲಿಲ್ಲ ಅಲ್ಲ ನೀವು?" ಎಂದರು. ಜಂಬ ಬಿಡುವ ಬಗ್ಗೆ ಬರೆದ ಪತ್ರ ಅದು. ತಲೆಬರಹ ನೋಡಿಯೇ ಹಾರಿಸಿದ್ದೆ. ಓದಿ ಮುಗಿಸಿ ನಿಧಾನಕ್ಕೆ ಕೊಡಿ ಎಂದು ಪುಸ್ತಕವನ್ನು ಮತ್ತೆ ನನ್ನ ಕೈಗೇ ಕೊಡಲು ಬಂದರು. ನಾನು ತೆಗೆದುಕೊಳ್ಳಲಿಲ್ಲ. ಈಗಷ್ಟೇ ಸಿಕ್ಕಿದ ಜಂಬ. ನಾಲ್ಕು ದಿನವಾದರೂ ಇಟ್ಟುಕೊಳ್ಳಬೇಡವೇ?